ಹಳೆಯದನ್ನು ತೆಗೆದಿಡು

ಮೈಲಾಪೂರ್
4 ಜುಲೈ 2025

ಚಿ. ಸೌ. ವಿಭಾಗೆ,

ಆಶೀರ್ವಾದ. ಜಗಳವಿದ್ದರೂ ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ಕಾಗದಕ್ಕೆ ತಲೆ ಇರುವುದಿಲ್ಲ.

ಆರು ವರ್ಷದ ಹಿಂದೆ ನಿನ್ನ ಹತ್ತಿರ ಇನ್ನು ಮಾತಾಡುವುದಿಲ್ಲ ಎಂದಿದ್ದೆ. ಮಾತಾಡುವುದಿಲ್ಲ ಎಂದಿದ್ದೆನೇ ಹೊರತು ಬರೆಯುವುದಿಲ್ಲ ಎಂದಿರಲಿಲ್ಲ. ಮೂವತ್ತೆರಡು ವರ್ಷ ಇನ್ಶೂರೆನ್ಸ್ ಕಚೇರಿಯಲ್ಲಿ ಸ್ಟೆನೋ ಆಗಿದ್ದವಳು ನಾನು, ಯಾವ ಷರತ್ತಿನಲ್ಲಿ ಎಲ್ಲಿ ಸಂದು ಇರುತ್ತದೆ ಎಂದು ಗೊತ್ತು. ಆದ್ದರಿಂದ ಅತ್ತೆ ಸೋತಳು ಎಂದು ಬೀಗಬೇಡ.

ವಿಷಯ ಕಂಪ್ಯೂಟರಿನದು. 2011ರಲ್ಲಿ ನೀನೇ ರಿಚ್ಚಿ ಸ್ಟ್ರೀಟಿಗೆ ಕರೆದುಕೊಂಡು ಹೋಗಿ ಆರಿಸಿಕೊಟ್ಟ ಅದೇ ಪೆಟ್ಟಿಗೆ ಇನ್ನೂ ಹಾಲ್‌ನಲ್ಲಿ, ಅಮ್ಮನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಕೂತಿದೆ. ವಿಂಡೋಸ್ ಏಳು. ಗಟ್ಟಿ ಪಿಂಡ. ಆದರೆ ಈಗೀಗ ಏನು ತೆರೆಯಹೋದರೂ ನಿಮ್ಮ ಬ್ರೌಸರ್ ಹಳೆಯದು ಎನ್ನುತ್ತದೆ. ಪಿಂಚಣಿಗೆ ನಾನು ಬದುಕಿದ್ದೇನೆ ಎಂದು ತೋರಿಸುವ ಪುಟವೂ ತೆರೆಯಲಿಲ್ಲ. ಬದುಕಿರುವವಳು ನಾನು, ಒಪ್ಪಿಗೆ ಕೊಡಬೇಕಾದದ್ದು ಅದು! ಲಸ್ ಕಾರ್ನರಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ದಿನೇಶ್ ಬಂದು ನೋಡಿ, "ಸೆತ್ತು ಪೋಚ್ಚು ಮಾಮಿ" ಎಂದ. ಸತ್ತೇಹೋಗಿದೆಯಂತೆ. ಹೊಸ ವಿಂಡೋಸ್ ಹಾಕಿಸಿ, ಇಲ್ಲ ಪೆಟ್ಟಿಗೆಯನ್ನೇ ಬಿಸಾಡಿ ಎನ್ನುತ್ತಾನೆ.

ಹಾಕಿಸಿಬಿಡುತ್ತಿದ್ದೆ. ತೊಡಕು ಒಂದೇ, 'ಮನೆಮಾತು'. ನಮ್ಮಂತೆ ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿರುವ ಕನ್ನಡದವರು ಮನೆಯೊಳಗೆ ಆಡುವ ಮಾತುಗಳ ಪಟ್ಟಿ. ಅದರಲ್ಲಿ ಈಗ 2,312 ಮಾತುಗಳಿವೆ. ಅಮ್ಮ ಹೇಳಿ ನಾನು ಬರೆದುಕೊಂಡಿದ್ದ ಮೊದಲಿನ ಸಾವಿರದ ಚಿಲ್ಲರೆ ಮಾತುಗಳು ಏನಾದವು ಎಂದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಆ ಸುದ್ದಿ ಈಗ ಬೇಡ. ಇದು ಆಮೇಲೆ ನಾನೊಬ್ಬಳೇ ಮತ್ತೆ ಮೊದಲಿನಿಂದ ಕೂಡಿಸಿದ್ದು. ಎಲ್ಲವೂ ಸಿ.ಡಿ.ಯಲ್ಲಿ ಬಂದಿದ್ದ ಹಳೇ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿದೆ. ಹೊಸ ವಿಂಡೋಸಿನಲ್ಲಿ ಅದು ಓಡುತ್ತದೆ ಎಂಬ ಭರವಸೆ ದಿನೇಶನಿಗಿಲ್ಲ.

ಹಾಕಿಸಲೇ, ಬೇಡವೇ? ಒಂದು ಪದದಲ್ಲಿ ಬರೆ ಸಾಕು. ಅತ್ತೆಯಾಗಿ ಕೇಳುತ್ತಿಲ್ಲ, ಕಂಪ್ಯೂಟರ್ ಟೀಚರನ್ನು ಕೇಳುತ್ತಿದ್ದೇನೆ.

ಮಾತು ಬಿಟ್ಟ ಅತ್ತೆ,
ಗೋದಾಬಾಯಿ


ತಾಂಬರಂ
13 ಜುಲೈ 2025

ಗೋದತ್ತೆಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ನಿಮ್ಮ ಅಳಿಯ ಸುಘೋಷ ಕಾಫಿ ಲೋಟ ಕೆಳಗಿಟ್ಟು, "ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದರು. ಇಲ್ಲ, ಒಂದು ವಿಂಡೋಸ್ ಹೋಗಿದೆ ಎಂದೆ.

ಒಂದು ಪದ ಕೇಳಿದ್ದೀರಿ. ಹಾಕಿಸಿ.

ಆದರೆ ದಿನೇಶ್ ಅವರು ಹೇಳುವುದನ್ನಲ್ಲ. ಏಳಕ್ಕೆ ಐದು ವರ್ಷದ ಹಿಂದೆಯೇ ಕಂಪನಿಯವರು ಕಾವಲು ನಿಲ್ಲಿಸಿದರು. ಹತ್ತಕ್ಕೆ ಬರುವ ಅಕ್ಟೋಬರಿನಲ್ಲಿ ನಿಲ್ಲಿಸುತ್ತಾರೆ. ಹನ್ನೊಂದನ್ನು ನಿಮ್ಮ ಪೆಟ್ಟಿಗೆ ಒಪ್ಪುವುದಿಲ್ಲ, ಅದಕ್ಕೆ ವಯಸ್ಸಾಯಿತು. ನಮ್ಮ ಶಾಲೆಯ ಲ್ಯಾಬಿನಲ್ಲಿ ಅದಕ್ಕಿಂತ ಮುದಿ ಕಂಪ್ಯೂಟರುಗಳು ಇಪ್ಪತ್ತೆರಡಿವೆ. ಎಲ್ಲಕ್ಕೂ ವಿಂಡೋಸ್ ಬದಲು ಲಿನಕ್ಸ್ ಹಾಕಿ ಓಡಿಸುತ್ತಿದ್ದೇನೆ, ಒಂದೂ ಕೆಮ್ಮುವುದಿಲ್ಲ. ನಿಮ್ಮದಕ್ಕೂ ಅದೇ ಸರಿ. ಮೊದಲು ಪೆಟ್ಟಿಗೆಯ ಮೆಮೊರಿ ಎಷ್ಟು ಎಂದು ದಿನೇಶ್ ಅವರಿಂದ ನೋಡಿಸಿ ತಿಳಿಸಿ. ನಿಮ್ಮ ಕನ್ನಡ ಫೈಲೊಂದನ್ನು ಅವರ ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಹೇಗೆ ಕಾಣುತ್ತದೆ ಎಂದೂ ನೋಡಿ.

ನಾನು ಬಂದು ಹಾಕುವುದಿಲ್ಲ. ಆ ಪೆಟ್ಟಿಗೆಯನ್ನು ಇನ್ನು ಮುಟ್ಟುವುದಿಲ್ಲ ಎಂದು ನಾನೂ ಅಂದೇ ಹೇಳಿದ್ದೆ. ನನ್ನ ಷರತ್ತಿನಲ್ಲಿ ಸಂದು ಇಲ್ಲ.

ವಿಭಾ


ಮೈಲಾಪೂರ್
21 ಜುಲೈ 2025

ಚಿ. ವಿಭಾಗೆ,

ಮೊದಲು ಜಗಳ, ಆಮೇಲೆ ಕಂಪ್ಯೂಟರ್.

ಯಾವಾಗಿನಿಂದ ನಾನು ನಿನಗೆ 'ನೀವು' ಆದೆ? ನಾಲ್ಕು ವರ್ಷದವಳಿದ್ದಾಗ ನಿನ್ನಮ್ಮ ಹೋದಳು. ನಿನ್ನಪ್ಪ ಹರಿದಾಸಣ್ಣ ರೈಲ್ವೆ ಗಾರ್ಡ್, ತಿಂಗಳಲ್ಲಿ ಹದಿನೈದು ದಿನ ಗೂಡ್ಸ್ ಗಾಡಿಯಲ್ಲೇ ಇರುತ್ತಿದ್ದ. ನಾನೂ ಅಮ್ಮನೂ ನಿನ್ನನ್ನು ಬೆಳೆಸಿದೆವು. ಜಡೆ ಹಾಕುವಾಗ "ಗೋದತ್ತೆ, ನೀ ಎಳೀತಿ!" ಎಂದು ಬೀದಿಗೆ ಕೇಳುವ ಹಾಗೆ ಕಿರುಚುತ್ತಿದ್ದವಳು ಈಗ ಮರ್ಯಾದೆ ಕೊಡುತ್ತಿದ್ದಾಳೆ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈಗ ಕಂಪ್ಯೂಟರ್. ಮೆಮೊರಿ ಎರಡು ಜಿಬಿ. ನನಗಿಂತ ಕಡಿಮೆ.

ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ದಿನೇಶ್ ತನ್ನ ಹೊಳೆಯುವ ಹೊಸ ಮೆಷಿನ್ನಿನಲ್ಲಿ ತೆರೆದ. ಅಲ್ಲಿ ಕನ್ನಡವೇ ಇಲ್ಲ! ಪೌಂಡಿನ ಗುರುತು, ಟೋಪಿ ಹಾಕಿದ ಎ, ತಲೆಯ ಮೇಲೆ ಎರಡು ಚುಕ್ಕಿಯ ಯು, ನಡುನಡುವೆ ಒಂದು ಪ್ರಶ್ನೆ ಚಿಹ್ನೆ. "ಎನ್ನ ಮಾಮಿ, ಫ್ರೆಂಚಾ?" ಎಂದು ಕೇಳಿದ. ಪುಟದಿಂದ ಪುಟಕ್ಕೆ ಹೋದೆವು. ಎಲ್ಲಿಯೂ ಒಂದು 'ಕ' ಸಿಗಲಿಲ್ಲ. ಹೊರಗೆ ಬಂದು ಎಳನೀರಿನವನ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ಆಟೋ ಹಿಡಿದು ಮನೆಗೆ ಬಂದೆ. ಬಂದ ಕೂಡಲೇ ನಮ್ಮ ಪೆಟ್ಟಿಗೆಯಲ್ಲಿ ತೆರೆದು ನೋಡಿದೆ. ಎಲ್ಲ ಇತ್ತು. 'ಮುಡಿಸು' ಇತ್ತು. ತಮಿಳಿನ ಮುಡಿ ಸೇರಿಕೊಂಡು ನಮ್ಮ ಮನೆಗಳಲ್ಲಿ ಕೆಲಸ ಮುಗಿಸುವುದಕ್ಕೆ ಮುಡಿಸು ಎನ್ನುತ್ತೇವಲ್ಲ, ಅದು. ನೆನಪಿದೆಯೇ, ಮೈಸೂರಿನಿಂದ ಬಂದಿದ್ದ ನೆಂಟರ ಹುಡುಗಿ ಜಲಜಾಗೆ ಅಮ್ಮ "ಅಡಿಗೆ ಮುಡಿಸ್ಬಿಟ್ಟು ಬರ್ತೀನಿ ಇರು" ಎಂದಾಗ, ಅವಳು ಅಡಿಗೆಗೆ ಯಾವ ಹೂ ಮುಡಿಸುತ್ತಾರೆ ಎಂದು ಒಳಗೆ ಬಂದು ಇಣುಕಿದ್ದು?

ಇವು ಯಾವ ನಿಘಂಟಿನಲ್ಲೂ ಇಲ್ಲ. ಮಾತಾಡುವ ಮನೆಗಳೂ ಕಡಿಮೆಯಾದವು. ಈ ಪೆಟ್ಟಿಗೆ ನಿಂತರೆ ಇವೂ ನಿಂತವು. ಹಾಗಿದ್ದರೂ ಹಾಕಿಸು ಎನ್ನುತ್ತೀಯಾ?

ಗೋದತ್ತೆ


ತಾಂಬರಂ
3 ಆಗಸ್ಟ್ 2025

ಗೋದತ್ತೆಗೆ ನಮಸ್ಕಾರ.

ಹಾಕಿಸಿ ಎನ್ನುತ್ತೇನೆ. ಹೆದರಬೇಡಿ.

ನಿಮ್ಮ ಹಳೇ ತಂತ್ರಾಂಶ ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕಿ ತೋರಿಸುತ್ತಿತ್ತು. ದಿನೇಶ್ ಅವರ ಅಂಗಡಿಯಲ್ಲಿ ವೇಷದ ಪೆಟ್ಟಿಗೆ ಇರಲಿಲ್ಲ, ಅಷ್ಟೇ. ಮಾತುಗಳು ಎಲ್ಲಿಯೂ ಹೋಗಿಲ್ಲ. ಅವನ್ನು ಈಗಿನ ಯುನಿಕೋಡ್ ಕನ್ನಡಕ್ಕೆ ಬದಲಾಯಿಸುವ ಸಾಧನಗಳಿವೆ. ಒಮ್ಮೆ ಬದಲಾದರೆ ಫೋನಿನಲ್ಲೂ ಓದಬಹುದು, ಯಾವ ಕಂಪ್ಯೂಟರಿನಲ್ಲೂ ಓದಬಹುದು. ಏಳರಲ್ಲೇ ಕೂತರೆ ಮಾತ್ರ ಅವು ಆ ಪೆಟ್ಟಿಗೆಯ ಜೊತೆ ಹೋಗುತ್ತವೆ. ಇದು ನನಗೆ ಸಂದೇಹವೇ ಇಲ್ಲದ ವಿಷಯ.

ಒಂದು ಕಷ್ಟ ಮಾತ್ರ ನಿಜ. ಬದಲಾಯಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಜಾರುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಕೂತುಬಿಡುತ್ತದೆ. 2,312 ಮಾತುಗಳನ್ನೂ ಅವುಗಳ ಅರ್ಥವನ್ನೂ ಯಾರಾದರೂ ಸಾಲುಸಾಲಾಗಿ ಓದಿ ಸರಿಮಾಡಬೇಕು. ಆ ಕೆಲಸಕ್ಕೆ ನಿಮಗೆ ಬೇರೆ ಯಾರಾದರೂ ಸಿಗಬೇಕು. ನನಗೆ ಕನ್ನಡ ಬರುವುದಿಲ್ಲ. ಹಾಗೆಂದವರು ನೀವೇ.

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಇದರಲ್ಲಿ ಕಾಗುಣಿತ ತಪ್ಪಿದ್ದರೆ ಕೆಂಪು ಶಾಯಿ ಹಚ್ಚಿ ವಾಪಸ್ ಕಳಿಸಬೇಡಿ.

ವಿಭಾ


ಮೈಲಾಪೂರ್
11 ಆಗಸ್ಟ್ 2025

ಚಿ. ವಿಭಾಗೆ,

ಎರಡು ತಪ್ಪು ಇದ್ದವು. ಎಲ್ಲಿ ಎಂದು ಹೇಳುವುದಿಲ್ಲ.

ನಿರ್ಧಾರ ಮಾಡಿದ್ದೇನೆ. ಏಳಕ್ಕೆ ಎಳ್ಳುನೀರು ಬಿಡೋಣ. ಒಂದು ವಾರ ಯೋಚಿಸಿದೆ, ಇನ್ನು ಯೋಚನೆಯಿಲ್ಲ. ಲಿನಕ್ಸೋ ಗಿನಕ್ಸೋ, ನೀನು ಹೇಳಿದ ಮೇಲೆ ಸರಿ. ನೀನು ಬರುವುದಿಲ್ಲ ಎಂದೆಯಲ್ಲ, ಬರಬೇಡ. ಮುಂದಿನ ವಾರ ದಿನೇಶನನ್ನೇ ಕರೆಯುತ್ತೇನೆ. ಅವನಿಗೆ ತಿಳಿಯುವ ಹಾಗೆ ಏನೇನು ಮಾಡಬೇಕೆಂದು ತಮಿಳಿನಲ್ಲಿ ಒಂದು ಹಾಳೆ ಬರೆದು ಕಳಿಸು, ಅಷ್ಟು ಸಾಕು.

ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಸಾಲು ಇರಲೇಬೇಕು. ಹೊಸದು ಹಾಕುವ ಮೊದಲು 'ಮನೆಮಾತು' ಫೋಲ್ಡರನ್ನು ತೆಗೆದಿಡಬೇಕು. ಅದನ್ನು ಬೇರೆಯವರ ಕೈಗೆ ಬಿಡುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ಹೇಳಬೇಕಾಗಿಲ್ಲ.

ಗೋದತ್ತೆ


ತಾಂಬರಂ
14 ಆಗಸ್ಟ್ 2025
ಸ್ಪೀಡ್ ಪೋಸ್ಟ್

ಗೋದತ್ತೆ,

ನಿಮಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ದಿನೇಶ್ ಅವರ ಅಂಗಡಿಗೆ ಮಾಡಿ, ಮಾಮಿ ಏನೇ ಹೇಳಲಿ, ಯಾವುದನ್ನೂ ಅಳಿಸಬೇಡಿ, ಮೊದಲು ಎರಡು ಪೆನ್‌ಡ್ರೈವಿನಲ್ಲಿ ನಕಲು ಮಾಡಿ ಎಂದು ತಮಿಳಿನಲ್ಲಿ ಕೈಮುಗಿದು ಕೇಳಿಕೊಂಡೆ.

ಇದೇನಿದು ಮತ್ತೆ? ಆರು ವರ್ಷ ಕೂತು ಕೂಡಿಸಿದ್ದನ್ನು ಯಾಕೆ ತೆಗೆಯಬೇಕು? ಇದನ್ನು ಉಳಿಸುವುದಕ್ಕೆ ತಾನೆ ಇಷ್ಟೆಲ್ಲ ಕಾಗದ?

ಅಂದೂ ಹೀಗೇ ಬರೆದಿರಿ. ಆ ಚೀಟಿಯನ್ನು ನಾನು ಎಸೆದಿಲ್ಲ. ಇದರೊಂದಿಗೆ ಅದರ ಜೆರಾಕ್ಸ್ ಇಟ್ಟಿದ್ದೇನೆ, ನಿಮ್ಮದೇ ಅಕ್ಷರ: "ವಿಭಾ, ಕಂಪ್ಯೂಟರ್ ನಿಧಾನವಾಗಿದೆ, ಸರಿಮಾಡು. 'ಹಳೆಯದು' ಫೋಲ್ಡರ್ ತೆಗೆದಿಡು." ಹೀಗೆ ಬರೆದು ಪರದೆಗೆ ಅಂಟಿಸಿ ನೀವು ಶ್ರೀರಂಗಕ್ಕೆ ಹೋದಿರಿ. ಅಜ್ಜಿ ಹೋಗಿ ಒಂದೂವರೆ ವರ್ಷವಾಗಿತ್ತು. ಅವರ ಸೀರೆಗಳನ್ನೆಲ್ಲ ಒಂದೇ ದಿನದಲ್ಲಿ ಕೊಟ್ಟುಬಿಟ್ಟಿದ್ದಿರಿ, ಅವರ ಮಂಚವನ್ನೂ. ಆ ಫೋಲ್ಡರಿನಲ್ಲಿದ್ದ ಅವರ ಮಾತುಗಳನ್ನೂ ಕಣ್ಣೆದುರು ಇಟ್ಟುಕೊಳ್ಳಲಾರದೆ, ಸ್ವಂತ ಕೈಯಿಂದ ಅಳಿಸಲೂ ಆಗದೆ, ನನಗೆ ಹೇಳಿದ್ದೀರಿ ಎಂದುಕೊಂಡೆ. ತಮಿಳಿನಲ್ಲಿ "ಎಡುತ್ತುಡು" ಎಂದರೆ ತೆಗೆದುಹಾಕು ಎಂದು ಯಾರಿಗೆ ತಾನೆ ಅರ್ಥವಾಗುವುದಿಲ್ಲ? ತೆಗೆದಿಡು ಎಂದರೆ ತೆಗೆದುಬಿಡು.

ಅಳಿಸುವ ಮೊದಲು ಒಂದು ಪುಟ ತೆರೆದು ಗಟ್ಟಿಯಾಗಿ ಓದಿದೆ. ಅತ್ತುಬಿಟ್ಟೆ. ಆಮೇಲೆ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ, ನಿಮ್ಮ ಕಣ್ಣಿಗೆ ಬೀಳಬಾರದು ಎಂದು.

ನೀವು ಊರಿನಿಂದ ಬಂದವರೇ "ತೆಗೆದಿಡು ಅಂತ ಬರ್ದಿದ್ನಲ್ಲೇ!" ಎಂದು ಕೂಗಿದಿರಿ. "ಅದಕ್ಕೇ ತೆಗ್ದೆ!" ಎಂದು ನಾನೂ ಕೂಗಿದೆ. ಎರಡು ಸಲ, ಮೂರು ಸಲ. ನಾನು ಅಣಕಿಸುತ್ತಿದ್ದೇನೆ ಎಂದು ನಿಮಗೆ, ಹೇಳಿದ್ದನ್ನು ಇಲ್ಲ ಎನ್ನುತ್ತಿದ್ದೀರಿ ಎಂದು ನನಗೆ. "ಕನ್ನಡ ಬರ್ದೇ ಇರೋಳಿಗೆ ಈ ಮನೇಲಿ ಏನು ಕೆಲ್ಸ" ಎಂದಿರಿ. ಹೊರಟುಬಂದೆ.

ಈಗ ಮತ್ತೆ ಅದೇ ಮಾತು ಬರೆದಿದ್ದೀರಿ. ಈ ಸಲ ನನ್ನ ಕೈಯಿಂದ ಮಾಡಿಸಬೇಡಿ. ಏನು ಬೇಕೋ ಬಿಡಿಸಿ ಹೇಳಿ.

ವಿಭಾ


ಮೈಲಾಪೂರ್
18 ಆಗಸ್ಟ್ 2025

ವಿಭಾ,

ತೆಗೆದಿಡು ಎಂದರೆ ಜೋಪಾನ ಮಾಡು ಎಂದು. ಎತ್ತಿಡು ಎಂದು. ಒಂದು ಕಡೆ ಭದ್ರವಾಗಿ ಇಡು ಎಂದು.

ನಿನ್ನ ಕಾಗದ ಓದಿ ಮೊದಲು ಕೋಪ ಬಂತು, ಮತ್ತೆ ಅಣಕಿಸುತ್ತಾಳೆ ಎಂದು. ಎರಡನೇ ಸಲ ಓದುವಾಗ ಎಡುತ್ತುಡು ಎಂಬಲ್ಲಿ ನಿಂತುಬಿಟ್ಟೆ. ಮನೆಕೆಲಸಕ್ಕೆ ಬರುವ ಸುಗುಣಾಗೆ ದಿನಕ್ಕೆ ಹತ್ತು ಸಲ ನಾನೇ ಹೇಳುತ್ತೇನೆ. ಕಸ ಎಡುತ್ತುಡು, ಒಣಗಿದ ಹೂ ಎಡುತ್ತುಡು. ಜೋರಾಗಿ ಹೇಳಿಕೊಂಡೆ. ಎಡುತ್ತುಡು, ತೆಗೆದಿಡು. ಸುಗುಣಾ ಪೊರಕೆ ಹಿಡಿದು ಬಾಗಿಲಲ್ಲಿ ನಿಂತು ಏನು ತೆಗೆಯಬೇಕು ಎಂದು ಕೇಳಿದಳು. ಏನೂ ಬೇಡ, ಹೋಗು ಎಂದೆ. ಅವಳು ಹೋದ ಮೇಲೆ ಅತ್ತುಬಿಟ್ಟೆ.

ನಿನಗೆ ಊಟ ಇಡಬೇಕಾದರೆ ಅಮ್ಮ ಏನೆನ್ನುತ್ತಿದ್ದಳು? "ವಿಭಾಗೆ ಎರಡು ಹೋಳಿಗೆ ಎತ್ತಿಡು." ತೆಗೆದಿಡು ಎಂದು ನಮ್ಮ ಮನೆಯಲ್ಲಿ ಯಾರೂ ಎಂದೂ ಬಾಯಿಬಿಟ್ಟು ಆಡಿಲ್ಲ. ಅದು ಪುಸ್ತಕದ ಮಾತು. ಮನೆಮಾತನ್ನೇ ಪಟ್ಟಿ ಮಾಡಲು ಕೂತ ದೊಡ್ಡ ಮನುಷ್ಯಳು ನಾನು, ಪೆನ್ನು ಹಿಡಿದ ಕೂಡಲೇ ಮನೆಮಾತು ಬಿಟ್ಟು ಪತ್ರಿಕೆಯವರ ಹಾಗೆ ಬರೆದೆ. ಎತ್ತಿಡು ಎಂದು ಬರೆದಿದ್ದರೆ ನೀನು ಎತ್ತಿಡುತ್ತಿದ್ದೆ. ನೀನು ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡ ನಿನಗೆ ಬಂದದ್ದು ನಮ್ಮಿಬ್ಬರ ಬಾಯಿಂದ ಮಾತ್ರ. ನಾವು ಆಡದ ಮಾತನ್ನು ಕಾಗದದಲ್ಲಿ ಬರೆದು, ಅರ್ಥವಾಗಲಿಲ್ಲ ಎಂದು ನಿನ್ನನ್ನು ಮನೆಯಿಂದ ಕಳಿಸಿದೆ.

ತಪ್ಪು ನನ್ನದು. ಇಬ್ಬರದೂ ಎಂದು ಸಮ ಮಾಡುವುದಿಲ್ಲ, ನನ್ನದೇ. ಕನ್ನಡ ಬರುವುದಿಲ್ಲ ಎಂದ ಮಾತನ್ನು ವಾಪಸ್ ತೆಗೆದುಕೊಂಡೆ. ಅಮ್ಮನ ಮಾತು ಹೋದದ್ದಕ್ಕೆ ಎಷ್ಟು ಸಂಕಟಪಟ್ಟೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನೀನು ಅದನ್ನು ಅಳುತ್ತಾ ಅಳಿಸಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಾ.

ಗೋದತ್ತೆ


ಮೈಲಾಪೂರ್
20 ಸೆಪ್ಟೆಂಬರ್ 2025

ವಿಭಾ,

ಒಂದು ತಿಂಗಳಾಯಿತು. ಪೋಸ್ಟಿನವರ ಮೇಲೆ ಸಂದೇಹಪಡುವಷ್ಟು ದಡ್ಡಿ ನಾನಲ್ಲ. ನಿನಗೆ ಕೋಪ ಬಂದಿದೆ, ಬರಲಿ. ನಾನಾಗಿ ಮಾಡಿದ ಫೋನನ್ನೂ ಕಟ್ ಮಾಡುತ್ತೀಯಾ, ಮಾಡು.

ಪೆಟ್ಟಿಗೆಯ ಸುದ್ದಿ ಹೇಳುತ್ತೇನೆ. ದಿನೇಶ್ ಎರಡು ಪೆನ್‌ಡ್ರೈವಿನಲ್ಲಿ ನಕಲು ಮಾಡಿಕೊಟ್ಟಿದ್ದಾನೆ, ಆದರೆ ಅದನ್ನು ಕನ್ನಡವಾಗಿ ತೋರಿಸುವ ಮೆಷಿನ್ ಇದೊಂದೇ. ಮೊನ್ನೆ ಟೈಪ್ ಮಾಡುವಾಗ ನೀಲಿ ಪರದೆ ಬಂದು ನಿಂತಿತು. ನಿನ್ನೆ ಎರಡು ಸಲ. ಇವತ್ತು ಎದ್ದೇಳಲು ಮುಕ್ಕಾಲು ಗಂಟೆ ತೆಗೆದುಕೊಂಡಿತು. ಲಿನಕ್ಸ್ ಹಾಕಿಬಿಡಲೇ ಎಂದು ದಿನೇಶ್ ಕೇಳಿದ. ಬೇಡ ಎಂದೆ.

ನೀನು ಹಾಕಿದರೆ ಹಾಕಿದಂತೆ. ಇಲ್ಲದಿದ್ದರೆ ನಾನು ಏಳರಲ್ಲೇ ಇರುತ್ತೇನೆ. ಓದಿ ತಿದ್ದುವುದಕ್ಕೂ ನನಗೆ ಬೇರೆ ಯಾರೂ ಬೇಡ. ಇದು ಬೆದರಿಕೆಯಲ್ಲ. ಹೌದು, ಸ್ವಲ್ಪ ಬೆದರಿಕೆಯೇ.

ಗೋದತ್ತೆ


ತಾಂಬರಂ
27 ಸೆಪ್ಟೆಂಬರ್ 2025

ಗೋದತ್ತೆ,

ಕೋಪ ಬಂದದ್ದು ನಿಜ. ನಿಮ್ಮ ಕಾಗದ ಓದಿದ ದಿನ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಂದು ಪದಕ್ಕೆ ಆರು ವರ್ಷ! ಆರು ದೀಪಾವಳಿ. ನನಗೆ ಗರ್ಭ ನಿಲ್ಲದೆ ಆಸ್ಪತ್ರೆಯಲ್ಲಿದ್ದಾಗ ಸುಘೋಷ ನಿನಗೆ ಫೋನ್ ಮಾಡಲೇ ಎಂದು ಕೇಳಿದರು, ಬೇಡ ಎಂದೆ. ಕನ್ನಡ ಬರದವಳ ಮನೆಗೆ ಅವರೇಕೆ ಬರುತ್ತಾರೆ ಎಂದೆ. ಒಂದು ಸಲ, ಒಂದೇ ಒಂದು ಸಲ ನೀನು ಫೋನ್ ಎತ್ತಿಕೊಂಡು, ಯಾಕೇ ಹಾಗೆ ಮಾಡಿದೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ನಾನೂ ಕೇಳಲಿಲ್ಲ. ನಿನ್ನ ಹತ್ತಿರವೇ ಬೆಳೆದವಳಲ್ಲವೇ, ಹಠ ಇನ್ನೆಲ್ಲಿಂದ ಬರುತ್ತದೆ.

ಈ ತಿಂಗಳು ಸುಮ್ಮನೆ ಕೂತಿರಲಿಲ್ಲ. ಅಂದು ಗಟ್ಟಿಯಾಗಿ ಓದಿದ ಪುಟ ನೆನಪಾಗುತ್ತದೆಯೇ ಎಂದು ನೋಡಿದೆ. ಹನ್ನೊಂದು ಮಾತು ಬಂದವು. ಆಮೇಲೆ ಅಡಿಗೆಮನೆಯಲ್ಲಿ ನಿಂತಾಗ, ಟ್ರೇನಿನಲ್ಲಿ, ಪರೀಕ್ಷೆಯ ಹಾಲ್‌ನಲ್ಲಿ, ಒಂದೊಂದೇ. ಹೊಸಿಲುಮಾತು, ಹೊರಟು ನಿಂತ ನೆಂಟರು ಬಾಗಿಲಲ್ಲೇ ಅರ್ಧ ಗಂಟೆ ಆಡುವುದು. ಸುಳ್ಳುಹುಳಿ, ತರಕಾರಿಯೇ ಇಲ್ಲದ ಹುಳಿ. ಇದನ್ನು ನಾನು ಈಗಲೂ ಮನೆಯಲ್ಲಿ ಹೀಗೇ ಕರೆಯುತ್ತೇನೆ, ಸುಘೋಷರಿಗೂ ಅಭ್ಯಾಸವಾಗಿದೆ. ಒಟ್ಟು ಅರವತ್ತೊಂದು. ಪಟ್ಟಿ ಇದರೊಂದಿಗಿದೆ. ಎಲ್ಲ ನಿನಗೆ ಗೊತ್ತಿರುವುದೇ ಆದ್ದರಿಂದ ಉಳಿದವಕ್ಕೆ ಅರ್ಥ ಬರೆದಿಲ್ಲ.

ಸರಸ್ವತಿ ಪೂಜೆಗೆ ಪೆಟ್ಟಿಗೆಗೆ ಕುಂಕುಮ ಹಚ್ಚುವಾಗ ಗಾಳಿ ಹೋಗುವ ಕಿಂಡಿಗೆ ಹಚ್ಚಬೇಡ. ಅಂದು ಅದನ್ನು ಮುಟ್ಟಬಾರದು ಎನ್ನುತ್ತೀ, ಸರಿ. ಮರುದಿನ ವಿಜಯದಶಮಿ, ನಮಗೆ ರಜೆ. ಬೆಳಿಗ್ಗೆ ಎಂಟರ ಎಲೆಕ್ಟ್ರಿಕ್ ಟ್ರೇನಿಗೆ ಹೊರಟು ಗಿಂಡಿ ಸ್ಟೇಷನ್ನಿನಲ್ಲಿಳಿದು ಬಸ್ಸು ಹಿಡಿಯುತ್ತೇವೆ. ನಾನು ಬರುವವರೆಗೆ ಯಾರೂ ಏನೂ ಮಾಡಬೇಡಿ.

ವಿಭಾ


ಮೈಲಾಪೂರ್
8 ಅಕ್ಟೋಬರ್ 2025

ಚಿ. ವಿಭಾಗೆ,

ದಿನಕ್ಕೆ ಎರಡು ಸಲ ಫೋನಿನಲ್ಲಿ ಮಾತಾಡುತ್ತಿದ್ದರೂ ಇದನ್ನು ಕಾಗದದಲ್ಲೇ ಕೇಳಬೇಕು. ನಿಘಂಟಿನ ವಿಷಯ, ದಾಖಲೆ ಇರಲಿ. ನೀನು ಹಾಕಿಕೊಟ್ಟ ಹೊಸ ವ್ಯವಸ್ಥೆಯಲ್ಲಿ ನಾನು ಟೈಪ್ ಮಾಡಿದ ಮೊದಲ ಕಾಗದವೂ ಇದೇ. 'ಋ' ಹುಡುಕಲು ಕಾಲು ಗಂಟೆ ಹಿಡಿಯಿತು, ಉಳಿದದ್ದು ಸಲೀಸು. ಪೆಟ್ಟಿಗೆ ಎರಡು ನಿಮಿಷದಲ್ಲಿ ಏಳುತ್ತದೆ. ಪಿಂಚಣಿಯವರೂ ನಾನು ಬದುಕಿದ್ದೇನೆ ಎಂದು ಒಪ್ಪಿದರು. ದಿನೇಶನಿಗೆ ತೋರಿಸಿದೆ, ತನ್ನ ತಾಯಿಯ ಕಂಪ್ಯೂಟರಿಗೂ ಇದನ್ನೇ ಹಾಕುತ್ತಾನಂತೆ.

'ಕ'ದವರೆಗೆ ನೀನು ತಿದ್ದಿದ್ದನ್ನು ಮತ್ತೆ ಓದಿದೆ. ನಾನು ಬಿಟ್ಟಿದ್ದ ಮೂರು ತಪ್ಪನ್ನೂ ಹಿಡಿದಿದ್ದೀ. 'ಕಾಪಿಡಬ್ಬಿ'ಯ ಅರ್ಥದಲ್ಲಿ ಮಾತ್ರ ನನಗೆ ನಿನ್ನ ತಿದ್ದುಪಡಿ ಒಪ್ಪಿಗೆಯಿಲ್ಲ, ಭಾನುವಾರ ಬಂದಾಗ ಜಗಳವಾಡೋಣ.

ನಿನ್ನ ಅರವತ್ತೊಂದರಲ್ಲಿ ಅರವತ್ತನ್ನು ಸೇರಿಸಿದೆ. ಒಂದರ ಹತ್ತಿರ ನಿಂತಿದ್ದೇನೆ. ನಲವತ್ತೇಳನೆಯದು, 'ಒಲ್ಲೆತುತ್ತು'. ಇದು ನನಗೆ ಗೊತ್ತಿಲ್ಲ ವಿಭಾ. ಎಪ್ಪತ್ತೊಂದು ವರ್ಷದಲ್ಲಿ ಕೇಳಿಲ್ಲ. ಅಮ್ಮ ಇದನ್ನು ನನಗೆ ಹೇಳಿ ಬರೆಸಲೂ ಇಲ್ಲ. ಬೇಡವೆಂದು ಎಲೆಯ ತುದಿಗೆ ಸರಿಸಿಟ್ಟ ಅನ್ನವಿರಬೇಕು ಎಂದು ಊಹೆ. ಅಮ್ಮನಿಗೆ ಹಾಗೆ ಬಿಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಊಹೆಯನ್ನು ಬರೆಯುವುದು ನನ್ನ ಪದ್ಧತಿಯಲ್ಲ. ಅದರ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಅರ್ಥ ನೀನೇ ಬರೆದು ಕಳಿಸಬೇಕು, ಪ್ರಯೋಗ ಸಮೇತ.

ಗೋದತ್ತೆ


ತಾಂಬರಂ
14 ಅಕ್ಟೋಬರ್ 2025

ಗೋದತ್ತೆ,

ನಿನ್ನ ಊಹೆ ತಪ್ಪು. ಹೀಗೆ ಸೇರಿಸಿಕೋ.

ಒಲ್ಲೆತುತ್ತು: ಮಗು ಹೊಟ್ಟೆ ತುಂಬಿತು, ಇನ್ನು ಒಲ್ಲೆ ಎಂದು ಬಾಯಿ ಮುಚ್ಚಿಕೊಂಡ ಮೇಲೂ ಬಿಡದೆ, ಕಡೆಯಲ್ಲಿ ಬಾಯಿಗೆ ಇಡುವ ಒಂದು ತುತ್ತು. ಇದು ಹಸಿವಿಗಲ್ಲ.

ನೀನು ಆಫೀಸಿನಲ್ಲಿರುತ್ತಿದ್ದ ಹೊತ್ತಿನಲ್ಲಿ ಅಜ್ಜಿ ನನಗೆ ಊಟ ಹಾಕುವಾಗ ಆಡುತ್ತಿದ್ದ ಮಾತು. "ಇದು ಒಲ್ಲೆತುತ್ತು ಕಣೇ, ಇದಕ್ಕೆ ಬೇರೆ ಹೊಟ್ಟೆ ಇರತ್ತೆ" ಎನ್ನುತ್ತಿದ್ದರು. ನಿನಗೆ ಗೊತ್ತಿಲ್ಲ ಎಂದು ಓದಿ ನಾನು ನಂಬಲೇ ಇಲ್ಲ. ಸುಘೋಷರಿಗೆ ಓದಿ ಹೇಳಿದೆ, ಅವರೂ ನಂಬಲಿಲ್ಲ.

ಪ್ರಯೋಗ: ವಿಜಯದಶಮಿಯ ಮಧ್ಯಾಹ್ನ ವಿಭಾ ಸಾಕು ಎಂದು ಎಲೆ ಮಡಚಲು ಹೋದಳು. ಅತ್ತೆ ಅವಳ ಕೈ ಹಿಡಿದು, ಮೊಸರನ್ನ ಕಲಸಿ, ನಲವತ್ತಮೂರು ವರ್ಷದವಳ ಬಾಯಿಗೆ ಒಲ್ಲೆತುತ್ತು ಇಟ್ಟರು.

ನಿನ್ನ,
ವಿಭಾ